ತಾಯಿಪಟ್ಟಿಯ ಎರಡು ಮಗ್ಗುಲು

ಪಟ್ಟಿಯಕ್ಕ ಏನನ್ನೇ ನೋಡಲಿ, ಎಡಗಣ್ಣು ಮುಚ್ಚಿಯೇ ನೋಡುತ್ತಿದ್ದಳು. ಬಾಗಿಲ ಚೌಕಟ್ಟು, ಬಸ್ಸಿನ ಕಂಬಿ, ಗೋಡೆಗೆ ತೂಗುಹಾಕಿದ ಫೋಟೋ, ಯಾವುದೂ ಅವಳ ಬಲಗಣ್ಣಿನಿಂದ ತಪ್ಪಿಸಿಕೊಂಡದ್ದಿಲ್ಲ. ಮಗಳು ತಾನು ಮದುವೆಯಾಗುವ ಹುಡುಗನನ್ನು ಮೊದಲ ಸಲ ಮನೆಗೆ ಕರೆತಂದ ದಿನ ಅವನನ್ನೂ ಹಾಗೆಯೇ ಅಡಿಯಿಂದ ಮುಡಿಯವರೆಗೆ ಒಂದೇ ಕಣ್ಣಲ್ಲಿ ಅಳೆದುಬಿಟ್ಟಳು. ಅತ್ತೆಯಾಗುವವಳು ತನಗೆ ಕಣ್ಣು ಹೊಡೆದಳೋ ಏನೋ ಎಂದು ಪಾಪ ಆ ಹುಡುಗ ಕುಡಿಯುತ್ತಿದ್ದ ಟೀಯನ್ನು ಅಂಗಿಯ ಮೇಲೆ ಚೆಲ್ಲಿಕೊಂಡ. ಗಂಡ ಅವಳ ಮೊಣಕೈ ತಿವಿದು, "ಅವನು ಪಟ್ಟಿ ಅಲ್ಲ ಕಣೇ, ಅಳಿಯ" ಎಂದು ಪಿಸುಗುಟ್ಟಿದ. "ಬಲಭುಜ ಒಂಚೂರು ಇಳಿದಿದೆ. ಪರವಾಗಿಲ್ಲ, ನಡೆಯುತ್ತೆ" ಎಂದು ಅವಳು ಅಲ್ಲಿಯೇ ಸರ್ಟಿಫಿಕೇಟು ಕೊಟ್ಟಳು. ಅಳಿಯ ಇವತ್ತಿಗೂ ಅವಳೆದುರು ಸ್ವಲ್ಪ ಹೆಚ್ಚೇ ನೆಟ್ಟಗೆ ಕೂರುತ್ತಾನೆ.

ಇದು ಅವಳ ಹುಟ್ಟುಗುಣವೋ ಕಸುಬಿನ ಗುಣವೋ ಹೇಳುವುದು ಕಷ್ಟ. ಇಪ್ಪತ್ತಾರು ವರ್ಷದ ಹಿಂದೆ ಅವಳು ಅಳತೆಪಟ್ಟಿ ಮಾಡುವ ಆ ಕಾರ್ಖಾನೆಗೆ ಸೇರಿದ್ದು ಕಸ ಗುಡಿಸುವುದಕ್ಕೆ. ಕಾರ್ಖಾನೆ ಎಂದ ಕೂಡಲೇ ಹೊಗೆ ಉಗುಳುವ ಚಿಮಣಿಯನ್ನು ಕಲ್ಪಿಸಿಕೊಳ್ಳಬೇಡಿ. ಒಂದು ಉದ್ದನೆಯ ಹಜಾರ, ಉತ್ತರದ ಗೋಡೆಗೆ ಸಾಲು ಕಿಟಕಿ, ಹಿಂದೆ ಪಟ್ಟಿಗಳ ಮೇಲೆ ಅಂಕಿ ಗೀಟು ಮೂಡಿಸುವ ಕೋಣೆ, ಮೂಲೆಯಲ್ಲಿ ಮರದ ಮೆಟ್ಟಿಲು, ಮೆಟ್ಟಿಲ ಮೇಲೆ ಮಾಲೀಕರ ಗಾಜಿನ ಕೋಣೆ. ಒಟ್ಟು ಹದಿನಾಲ್ಕು ಜನ. ಶಾಲೆಯ ಮಕ್ಕಳ ಚೀಲದಲ್ಲಿರುವ ಗೇಣುದ್ದದ ಪಟ್ಟಿಯಿಂದ ಹಿಡಿದು ಬಡಗಿ, ದರ್ಜಿ, ನಕ್ಷೆ ಬರೆಯುವವರ ಮೀಟರು ಪಟ್ಟಿಯವರೆಗೆ ಎಲ್ಲವೂ ಇಲ್ಲೇ ಹುಟ್ಟುತ್ತಿದ್ದವು. ಸೇರಿದ ಎರಡನೇ ವಾರ ಅವಳು ಪೊರಕೆ ಹಿಡಿದುಕೊಂಡೇ ಮೇಸ್ತ್ರಿಯ ಮೇಜಿನ ಮೇಲಿದ್ದ ಒಂದು ಪಟ್ಟಿಯತ್ತ ಬಗ್ಗಿ, ಎಡಗಣ್ಣು ಮುಚ್ಚಿ, "ಇದು ಸೊಟ್ಟ ಇದೆ" ಎಂದಳು. ಕಸ ಗುಡಿಸುವವಳ ಬಾಯಿಂದ ಈ ಮಾತು ಕೇಳಿ ಅಲ್ಲಿದ್ದವರು ನಕ್ಕರು. ಮೇಸ್ತ್ರಿ ನಗಲಿಲ್ಲ. ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಅವಳನ್ನು ನೋಡಿದರು, ಮಾರನೆಯ ದಿನ ಪೊರಕೆಯನ್ನು ಬೇರೆಯವರ ಕೈಗೆ ಕೊಡಿಸಿದರು.

ಹೀಗೆ ಅವಳು ಪಟ್ಟಿ ನೆಟ್ಟಗೆ ಮಾಡುವ ಮಿಷನ್ನಿನ ಮುಂದೆ ಬಂದು ನಿಂತಳು. ಆಮೇಲೆ ಅಲ್ಲಿಂದ ಕದಲಲಿಲ್ಲ.

ಆ ಮಿಷನ್ನಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಅವಳ ಬಗ್ಗೆ ಹೇಳುವುದೂ ಅದರ ಬಗ್ಗೆ ಹೇಳುವುದೂ ಹೆಚ್ಚುಕಡಿಮೆ ಒಂದೇ. ಉಕ್ಕಿನ ಪಟ್ಟಿ ಕಾರ್ಖಾನೆಗೆ ಬರುವುದು ಸುರುಳಿಯಾಗಿ. ತಿಂಗಳುಗಟ್ಟಲೆ ಮುದುಡಿ ಮಲಗಿದ್ದ ಲೋಹ ಬಿಚ್ಚಿದ ಮಾತ್ರಕ್ಕೆ ನೆಟ್ಟಗಾಗುವುದಿಲ್ಲ, ಬಿಟ್ಟರೆ ಮತ್ತೆ ಸುತ್ತಿಕೊಳ್ಳಲು ನೋಡುತ್ತದೆ. ಅದಕ್ಕೆ ಎರಡು ಥರದ ರೋಗ. ಒಂದು ಹೊಟ್ಟೆ ಸೊಟ್ಟ, ಅಂದರೆ ನೆಲದ ಮೇಲಿಟ್ಟರೆ ನಡುವೆ ಉಬ್ಬಿ ನಿಲ್ಲುವುದು. ಇನ್ನೊಂದು ಮಗ್ಗುಲು ಸೊಟ್ಟ, ಅಂದರೆ ನೆಲಕ್ಕೆ ಚಪ್ಪಟೆಯಾಗಿಯೇ ಕೂತು, ಕುಡುಗೋಲಿನಂತೆ ಪಕ್ಕಕ್ಕೆ ಬಾಗುವುದು. ಮಿಷನ್ನಿನಲ್ಲಿ ಮೊದಲು ಮಲಗಿದ ಏಳು ರೋಲರುಗಳು, ಕೆಳಗೆ ನಾಲ್ಕು, ಮೇಲೆ ಮೂರು. ಇವು ಹೊಟ್ಟೆಯ ಸೊಟ್ಟಕ್ಕೆ. ಅದರಾಚೆ ನಿಂತ ಐದು ರೋಲರುಗಳು, ಇವು ಮಗ್ಗುಲಿನ ಸೊಟ್ಟಕ್ಕೆ. ಎಲ್ಲದಕ್ಕೂ ಬಿಗಿ ಸಡಿಲ ಮಾಡುವ ಸ್ಕ್ರೂಗಳು. ಪಕ್ಕದಲ್ಲಿ ಬಸ್ಸಿನ ಸ್ಟಿಯರಿಂಗಿನಷ್ಟು ದೊಡ್ಡ ಹಿಡಿಚಕ್ರ. ಅವಳು ಚಕ್ರ ತಿರುಗಿಸಿದರೆ ಪಟ್ಟಿ ಈ ಕಡೆಯಿಂದ ಮುನಿಸಿಕೊಂಡು ಒಳಗೆ ಹೋಗಿ ಆ ಕಡೆಯಿಂದ ಸಮಾಧಾನವಾಗಿ ಹೊರಗೆ ಬರುತ್ತಿತ್ತು.

"ಬಗ್ಗಿಸದೆ ಯಾವುದೂ ನೆಟ್ಟಗಾಗಲ್ಲ ಕಣಮ್ಮ" ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು. "ಆ ಕಡೆ ಬಗ್ಗಿರೋದನ್ನ ಈ ಕಡೆ ಜೋರಾಗಿ ಬಗ್ಗಿಸು. ಮತ್ತೆ ಆ ಕಡೆ ಸ್ವಲ್ಪ. ಮತ್ತೆ ಈ ಕಡೆ ಇನ್ನೂ ಸ್ವಲ್ಪ. ಅದಕ್ಕೇ ಬೇಜಾರಾಗಿ ನಡುವೆ ನಿಂತುಬಿಡುತ್ತೆ." ನಾಯಿಬಾಲ ಡೊಂಕು ಎನ್ನುವವರು ಈ ಏಳು ರೋಲರು ನೋಡಿಲ್ಲ ಎನ್ನುವುದು ಅವರ ಹಳೆಯ ಜೋಕು. ಹದಿನೈದು ವರ್ಷ ಅವಳು ಅದನ್ನು ಕೇಳಿದಳು, ಹದಿನೈದು ವರ್ಷವೂ ನಕ್ಕಳು.

ರೋಲರು ತನ್ನ ಕೆಲಸ ಮಾಡುತ್ತದೆ, ಆದರೆ ನೆಟ್ಟಗಾಯಿತೋ ಇಲ್ಲವೋ ಎಂದು ಹೇಳುವುದು ಅದರ ಕೈಲಾಗದು. ಹೆಬ್ಬೆರಳಷ್ಟು ಸೊಟ್ಟವಿದ್ದರೆ ಕಣ್ಣಿಗೆ ಕಾಣುತ್ತದೆ, ಕೂದಲೆಳೆಯಷ್ಟಿದ್ದರೆ ಅವಳ ಬಲಗಣ್ಣಿಗೂ ಕಾಣುವುದಿಲ್ಲ. ಅದಕ್ಕೆಂದು ಕಾರ್ಖಾನೆಯಲ್ಲಿ ತಾಯಿಪಟ್ಟಿ ಇತ್ತು. ದಪ್ಪ ಉಕ್ಕಿನದು, ಮೀಟರಿಗಿಂತ ಸ್ವಲ್ಪ ಉದ್ದ, ಉಣ್ಣೆಬಟ್ಟೆ ಹಾಸಿದ ಮರದ ಪೆಟ್ಟಿಗೆಯಲ್ಲಿ ಅದರ ವಾಸ. ಈಗಿನ ಮಾಲೀಕರ ತಂದೆ, ಅಂದರೆ ದೊಡ್ಡ ಮಾಲೀಕರು, ಕಾರ್ಖಾನೆ ತೆರೆದಾಗ ದೂರದಿಂದ ತರಿಸಿದ್ದು. ಹೊಸ ಸುರುಳಿ ಬಿಚ್ಚಿದಾಗಲೆಲ್ಲ ಮೊದಲ ಪಟ್ಟಿಯ ಅಂಚನ್ನು ತಾಯಿಪಟ್ಟಿಯ ಅಂಚಿಗೆ ತಾಗಿಸಿ ಕಿಟಕಿಗೆ ಹಿಡಿಯಬೇಕು. ನಡುವೆ ಬೆಳಕು ತೂರಿದರೆ ಸ್ಕ್ರೂ ತಿರುಗಿಸಬೇಕು, ಮತ್ತೆ ಹಿಡಿಯಬೇಕು. ಒಮ್ಮೆ ಸ್ಕ್ರೂ ಸರಿಯಾಗಿ ಕೂತರೆ ಆಮೇಲೆ ಸಾವಿರ ಪಟ್ಟಿ ಕಣ್ಣುಮುಚ್ಚಿಕೊಂಡು ಬಿಡಬಹುದು.

ಇದರಲ್ಲಿ ಮೇಸ್ತ್ರಿ ಕಲಿಸಿದ ಒಂದು ವಿಚಿತ್ರ ಪದ್ಧತಿ ಇತ್ತು. ಪಟ್ಟಿಯನ್ನು ತಾಯಿಪಟ್ಟಿಯ ಒಂದೇ ಅಂಚಿಗೆ ಹಿಡಿದರೆ ಸಾಲದು, ಎರಡೂ ಮಗ್ಗುಲಿಗೆ ಹಿಡಿಯಬೇಕು. ಬಲಮಗ್ಗುಲಿಗೆ ಹಿಡಿದಾಗ ಎರಡು ತುದಿಗಳಲ್ಲಿ ಕೂದಲೆಳೆಯಷ್ಟು ಬೆಳಕು ಕಾಣಬೇಕು. ಎಡಮಗ್ಗುಲಿಗೆ ಹಿಡಿದಾಗ ನಟ್ಟನಡುವೆ ಅಷ್ಟೇ ಬೆಳಕು ಕಾಣಬೇಕು. ಎರಡೂ ಬೆಳಕು ಸಮ ಇದ್ದರೆ ಪಟ್ಟಿ ಪಾಸು. ಯಾಕೆ ಹಾಗೆ ಎಂದು ಅವಳು ಒಮ್ಮೆ ಕೇಳಿದ್ದಳು. "ಪಟ್ಟಿಗೂ ಉಸಿರಾಡೋಕೆ ಜಾಗ ಬೇಕಲ್ಲಮ್ಮ" ಎಂದು ಮೇಸ್ತ್ರಿ ಮುಖ ಆಚೆ ತಿರುಗಿಸಿದ್ದರು. ಉಕ್ಕು ಉಸಿರಾಡುವುದನ್ನು ಯಾರು ಕಂಡಿದ್ದಾರೆ? ಆದರೂ ಗುರುಗಳ ಮಾತು, ಕಲಿತಳು, ಪಾಲಿಸಿದಳು.

ಹನ್ನೊಂದು ವರ್ಷದ ಹಿಂದೆ ಮೇಸ್ತ್ರಿ ನಿವೃತ್ತರಾದರು. ದೊಡ್ಡ ಮಾಲೀಕರು ಆಗಿನ್ನೂ ಬದುಕಿದ್ದರು. "ಮೂವತ್ತಾರು ವರ್ಷ ಈ ತಾಯಿಪಟ್ಟಿಯನ್ನು ಹಸುಗೂಸಿನ ಹಾಗೆ ಕಾಪಾಡಿದ ಕೈಗಳಿವು" ಎಂದು ಎಲ್ಲರೆದುರು ಹೇಳಿ, ಹಳದಿ ಮುಳ್ಳುಗಳ ಒಂದು ಕೈಗಡಿಯಾರ ಕೊಟ್ಟರು. ತಾಯಿಪಟ್ಟಿ ಹಿಡಿದು ನಿಂತ ಮೇಸ್ತ್ರಿಯ ಫೋಟೋ ತೆಗೆಸಿ ಗಾಜಿನ ಕೋಣೆಯಲ್ಲಿ ತೂಗುಹಾಕಿಸಿದರು. ಫೋಟೋದಲ್ಲಿ ಮೇಸ್ತ್ರಿಯ ಮುಖ ಹಲ್ಲುನೋವಿನವರ ಹಾಗಿತ್ತು. ನಾಚಿಕೆ ಸ್ವಭಾವ ಎಂದು ಎಲ್ಲರೂ ಮೆಚ್ಚಿಕೊಂಡರು. ಆ ವಾಚನ್ನು ಅವರು ಕಟ್ಟಿದ್ದನ್ನು ಮಾತ್ರ ಯಾರೂ ನೋಡಲಿಲ್ಲ. ಪಟ್ಟಿಯಕ್ಕ ಅವರ ಮನೆಗೆ ಹೋದಾಗಲೆಲ್ಲ ಅದು ಕಪಾಟಿನಲ್ಲಿ ಡಬ್ಬಿಯೊಳಗೇ ಕೂತಿರುತ್ತಿತ್ತು. ಕೇಳಿದರೆ, "ಎಲ್ಲಾದರೂ ತಗಲಿ ಗೀರಿದರೆ?" ಎನ್ನುತ್ತಿದ್ದರು.

ಅವರು ಹೋದ ಮೇಲೆ ಮೇಸ್ತ್ರಿಯ ಕೆಲಸವೆಲ್ಲ ಇವಳ ತಲೆಗೇ ಬಂತು, ಮೇಸ್ತ್ರಿ ಎಂಬ ಹೆಸರೊಂದು ಬರಲಿಲ್ಲ. ಹೆಂಗಸನ್ನು ಮೇಸ್ತ್ರಿ ಎಂದು ಕರೆಯಲು ಹದಿಮೂರು ಜನರ ನಾಲಿಗೆ ಹೊರಳಬೇಕಲ್ಲ. ಅವಳು ಅದಕ್ಕಾಗಿ ಅತ್ತವಳಲ್ಲ, ಕರೆದವಳಲ್ಲ. ಬೆಳಿಗ್ಗೆ ಮಿಷನ್ನಿಗೆ ಎಣ್ಣೆ, ಸಂಜೆ ಗಂಡನೊಂದಿಗೆ ಟೀ, ವಾರಕ್ಕೊಮ್ಮೆ ಮಗಳ ಫೋನು. ಬದುಕು ಸರಿಯಾಗಿ ಕೂತ ಸ್ಕ್ರೂವಿನ ಹಾಗೆ ನಡೆದುಕೊಂಡು ಹೋಗುತ್ತಿತ್ತು. ಆದರೆ ಈ ವರ್ಷ ಚಿಕ್ಕ ಮಾಲೀಕರೇ ಮೆಟ್ಟಿಲಿಳಿದು ಬಂದು, "ಪಟ್ಟಿಯಕ್ಕ, ಚಿತ್ರಕಲೆ ಶಾಲೆಗಳಿಗೆ ಒಂಬೈನೂರು ಮೀಟರು ಪಟ್ಟಿ ಬೇಕಂತೆ. ನಕ್ಷೆ ಬರೆಯೋದಕ್ಕೆ, ಹಾಗಾಗಿ ಒಂಚೂರೂ ಸೊಟ್ಟ ಇರಬಾರದು. ಇದು ಚೆನ್ನಾಗಿ ಆದ್ರೆ ನೀವೇ ಮೇಸ್ತ್ರಿ. ಬೋರ್ಡಲ್ಲೇ ಬರೆಸ್ತೀನಿ" ಎಂದರು. ಆವಾಗ ಗೊತ್ತಾಯಿತು ಅವಳಿಗೆ, ತನಗೆ ಆ ಹೆಸರು ಎಷ್ಟು ಬೇಕಾಗಿತ್ತು ಎಂದು. ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು.

ತಂಪಾದದ್ದು ಒಳ್ಳೆಯದೇ. ಅದರ ಹಿಂದೆಯೇ ಸ್ವಲ್ಪ ಜಂಬ ಬಂತು, ಅದು ಒಳ್ಳೆಯದಾಗಲಿಲ್ಲ. ಒಂಬೈನೂರರ ಮೊದಲ ಪಟ್ಟಿಯನ್ನು ತಾಯಿಪಟ್ಟಿಯ ಬಲಮಗ್ಗುಲಿಗೆ ಹಿಡಿದಾಗ ಎಂದಿನಂತೆ ತುದಿಗಳಲ್ಲಿ ಕೂದಲೆಳೆ ಬೆಳಕು ಕಂಡಿತು. ಇಪ್ಪತ್ತಾರು ವರ್ಷ ಇದನ್ನು ಪಾಸು ಎನ್ನುತ್ತ ಬಂದವಳಿಗೆ ಆ ದಿನ ಆ ಬೆಳಕು ಕಣ್ಣು ಚುಚ್ಚಿತು. ಬೆಳಕಿದೆ ಎಂದರೆ ಸೊಟ್ಟ ಇದೆ ಎಂದೇ ಅಲ್ಲವೇ? ಉಸಿರಾಡುವುದಂತೆ, ಉಸಿರು! ಮೇಸ್ತ್ರಿಗೆ ಅಷ್ಟು ಮಟ್ಟಿಗೆ ಮಾತ್ರ ಸಾಧ್ಯವಾಯಿತೇನೋ, ನಾನು ಬೆಳಕೇ ಇಲ್ಲದ ಹಾಗೆ ಮಾಡಿ ತೋರಿಸುತ್ತೇನೆ. ಗುರುವಿಗೇ ತಿರುಮಂತ್ರ ಹಾಕಲು ಹೊರಟಳು ನಮ್ಮ ಪಟ್ಟಿಯಕ್ಕ. ನಿಂತ ರೋಲರುಗಳ ಸ್ಕ್ರೂಗಳನ್ನು ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸುತ್ತ ಅರ್ಧ ದಿನ ಒದ್ದಾಡಿದಳು. ಕೊನೆಗೂ ಪಟ್ಟಿ ಬಲಮಗ್ಗುಲಿಗೆ ಅಂಟಿಕೊಂಡಂತೆ ಕೂತಿತು. ಕಿಟಕಿಗೆ ಹಿಡಿದರೆ ಈ ತುದಿಯಿಂದ ಆ ತುದಿಗೆ ಕಗ್ಗತ್ತಲೆ. ಬಲಮಗ್ಗುಲೇ ಇಷ್ಟು ಚೆನ್ನಾಗಿರುವಾಗ ಎಡಮಗ್ಗುಲು ನೋಡುವ ಕೆಲಸವೇನು ಎಂದು ತಾಯಿಪಟ್ಟಿಯನ್ನು ಪೆಟ್ಟಿಗೆಗೆ ಸೇರಿಸಿದಳು.

ಐದು ದಿನ ಚಕ್ರ ತಿರುಗಿಸಿ ಶುಕ್ರವಾರ ಸಂಜೆಗೆ ಒಂಬೈನೂರೂ ಮುಗಿಸಿದಳು. ಸೋಮವಾರ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಅವಕ್ಕೆ ಗೀಟು ಹೊಡೆಯುವುದೆಂದು ಗೊತ್ತಾಗಿತ್ತು. ಒಮ್ಮೆ ಗೀಟು ಬಿದ್ದ ಪಟ್ಟಿಯನ್ನು ಮತ್ತೆ ರೋಲರಿಗೆ ಹಾಕುವಂತಿಲ್ಲ, ಅಂಕಿಯೆಲ್ಲ ಉಜ್ಜಿಹೋಗುತ್ತದೆ. ಅವಳು ಚಿಕ್ಕ ಮಾಲೀಕರ ಅಪ್ಪಣೆ ಕೇಳಿ ಒಂದೇ ಒಂದು ಪಟ್ಟಿಯನ್ನು ಗಂಡನಿಗೆ ತೋರಿಸಲೆಂದು ಮನೆಗೆ ತಂದಳು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ದೊಡ್ಡ ಮೇಜಿನ ಮೇಲೆ ಕಂದು ಕಾಗದ ಹಾಸಿ ಅವನು ಒಂದು ಕೋಟಿನ ಅಳತೆ ಬರೆಯುತ್ತಿದ್ದ.

"ತಗೊಳ್ಳಿ. ಇದಕ್ಕಿಂತ ನೆಟ್ಟಗಿರೋ ಪಟ್ಟಿ ಪ್ರಪಂಚದಲ್ಲೇ ಇಲ್ಲ" ಎಂದಳು.

"ಪ್ರಪಂಚ ಪೂರ್ತಿ ನೋಡ್ಕೊಂಡು ಬಂದ್ಯಾ, ಊಟಕ್ಕೆ ಮೊದಲೇ?" ಎಂದು ಅವನು ಪಟ್ಟಿಯನ್ನು ತೆಗೆದುಕೊಂಡ. ಹೊಸ ಪಟ್ಟಿ ಕೈಗೆ ಬಂದರೆ ಅವನು ಮಾಡುವ ಕೆಲಸ ಒಂದೇ. ಚೂಪು ಪೆನ್ಸಿಲಿನಿಂದ ಉದ್ದಕ್ಕೆ ಒಂದು ಗೆರೆ ಎಳೆದ. ಪಟ್ಟಿಯನ್ನು ಮಗುಚಿ ಗೆರೆಯ ಆಚೆ ಬದಿಗಿಟ್ಟು, ಅದೇ ಅಂಚಿನಿಂದ ಅದೇ ಗೆರೆಯ ಮೇಲೆ ಇನ್ನೊಂದು ಎಳೆದ. ಪಟ್ಟಿ ನೆಟ್ಟಗಿದ್ದರೆ ಎರಡು ಗೆರೆ ಒಂದೇ ಆಗಬೇಕು. ಅವನು ಬಗ್ಗಿ ನೋಡಿದ, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ.

"ಏನೇ ಇದು, ನಿಮ್ಮ ಕಾರ್ಖಾನೆಯಲ್ಲಿ ಈಗ ಬಾಳೆಹಣ್ಣು ಮಾಡ್ತಿದ್ದೀರಾ?"

ತಮಾಷೆ ಎಂದುಕೊಂಡು ಅವಳೂ ಬಗ್ಗಿದಳು. ತುದಿಗಳಲ್ಲಿ ಕೂಡಿದ್ದ ಎರಡು ಗೆರೆಗಳು ನಡುವೆ ಬೇರೆಯಾಗಿದ್ದವು. ನಡುವಿನ ಜಾಗದಲ್ಲಿ ಒಂದು ದಾರ ಮಲಗಿಸಬಹುದಿತ್ತು. ಗೂಟಕ್ಕೆ ನೇತುಹಾಕಿದ್ದ ಗಂಡನ ಹಳೆಯ ಮೀಟರು ಪಟ್ಟಿಯನ್ನು ಕಿತ್ತುಕೊಂಡು ಹಾಗೆಯೇ ಗೆರೆ ಎಳೆದಳು. ಮೇಸ್ತ್ರಿಯ ಕಾಲದ ಪಟ್ಟಿ ಅದು. ಎರಡು ಗೆರೆ ಒಂದರ ಮೇಲೊಂದು ಕೂತು ಒಂದೇ ಆದವು.

"ತಾಯಿಪಟ್ಟಿಗೆ ಹಿಡಿದು ನೋಡಿದೀನಿ ಕಣ್ರೀ. ಒಂಚೂರೂ ಬೆಳಕಿರಲಿಲ್ಲ."

"ಹಾಗಾದ್ರೆ ತಾಯೇ ಸೊಟ್ಟ" ಎಂದು ಗಂಡ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. ಅವನಿಗದು ಎರಡು ಕೂಡಿಸು ಎರಡರಷ್ಟು ಸುಲಭದ ಲೆಕ್ಕ.

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ತಾಯಿಯ ಬಲಮಗ್ಗುಲು ಉಬ್ಬಿದೆ, ಅದಕ್ಕೇ ನೆಟ್ಟಗಿರುವ ಪಟ್ಟಿ ಹಿಡಿದರೆ ತುದಿಗಳಲ್ಲಿ ಬೆಳಕು. ಎಡಮಗ್ಗುಲು ತಗ್ಗಿದೆ, ಅದಕ್ಕೇ ನಡುವೆ ಬೆಳಕು. ಎರಡೂ ಬೆಳಕು ಸಮ ಬರಬೇಕು ಎಂದು ಯಾಕೆ ಹೇಳುತ್ತಿದ್ದರು ಎಂಬುದು ಇಪ್ಪತ್ತಾರು ವರ್ಷದ ಮೇಲೆ, ದರ್ಜಿಯ ಮೇಜಿನ ಮುಂದೆ ಅವಳಿಗೆ ಅರ್ಥವಾಯಿತು. ಉಸಿರೂ ಇಲ್ಲ, ಗಿಸಿರೂ ಇಲ್ಲ. ತಾಯಿ ಸೊಟ್ಟ ಎಂದು ಮೇಸ್ತ್ರಿಗೆ ಗೊತ್ತಿತ್ತು.

ಈಗ ತಲೆನೋವು ಎರಡು. ಒಂಬೈನೂರು ಪಟ್ಟಿ ಮತ್ತೆ ರೋಲರು ಹತ್ತಬೇಕು, ಭಾನುವಾರವೊಂದರಲ್ಲಿ ಮುಗಿಯುವ ಕೆಲಸವಲ್ಲ, ಹಾಗಾಗಿ ಚಿಕ್ಕ ಮಾಲೀಕರಿಗೆ ಹೇಳಲೇಬೇಕು. ಅದನ್ನು ಅವಳು ನುಂಗಿಕೊಳ್ಳಬಲ್ಲಳು, ತಪ್ಪು ತನ್ನದೇ. ಆದರೆ ಹೇಳಿದ ಕೂಡಲೇ ತಾಯಿಪಟ್ಟಿ ಸೊಟ್ಟ ಎಂಬುದು ಹೊರಬೀಳುತ್ತದೆ. ಅದನ್ನು ಮೂವತ್ತಾರು ವರ್ಷ ಕಾಪಾಡಿದವರು ಯಾರು ಎಂದು ಗೋಡೆಯ ಮೇಲಿನ ಫೋಟೋವೇ ಹೇಳುತ್ತದೆ. ಪೊರಕೆ ಬಿಡಿಸಿ ಕೈಗೆ ಕಸುಬು ಕೊಟ್ಟವರ ಹೆಸರಿಗೆ ಈ ವಯಸ್ಸಿನಲ್ಲಿ ಮಸಿ ಬಳಿಯಬೇಕೇ? ಅವಳಿಗೆ ಆ ಸಂಜೆ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಮೇಸ್ತ್ರಿಯ ಮನೆಗೆ ಹೋದಳು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಎಪ್ಪತ್ತಮೂರರ ಮೇಸ್ತ್ರಿ ಕಿಟಕಿಯ ಪಕ್ಕ ಕೂತು ತಮ್ಮ ಊರುಗೋಲಿನ ತುದಿಗೆ ರಬ್ಬರು ಸುತ್ತುತ್ತಿದ್ದರು.

"ಏನಮ್ಮ, ಮುಖ ಹೀಗಿದೆ? ಸುರುಳಿಯಿಂದ ಈಗ ತಾನೆ ಬಿಚ್ಚಿದ ಹಾಗೆ!"

ಅವಳು ಸುತ್ತಿಬಳಸಲಿಲ್ಲ. "ಮೇಸ್ತ್ರಿ, ನಾನು ಎಡಮಗ್ಗುಲು ನೋಡ್ಲಿಲ್ಲ. ಬಲಮಗ್ಗುಲಿಗೆ ಬೆಳಕೇ ಇಲ್ಲದ ಹಾಗೆ ಕೂರಿಸಿಬಿಟ್ಟೆ. ಒಂಬೈನೂರು ಪಟ್ಟಿ" ಎಂದಳು.

ಮೇಸ್ತ್ರಿಯ ಕೈ ನಿಂತಿತು. ಅವರು ಬೈಯಲಿಲ್ಲ. "ಹೇಗಾಯ್ತು?" ಎಂದು ಕೇಳಲಿಲ್ಲ, "ಅದರಲ್ಲೇನು ತಪ್ಪು?" ಎಂದೂ ಕೇಳಲಿಲ್ಲ. ಅವರ ಕಣ್ಣು ತಾನಾಗಿ ಕಪಾಟಿನಲ್ಲಿದ್ದ ವಾಚಿನ ಡಬ್ಬಿಯ ಕಡೆ ಹೋಗಿ ಥಟ್ಟನೆ ನೆಲಕ್ಕೆ ಇಳಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು. ಅವಳಿಗೆ ಇನ್ನೇನೂ ಕೇಳಬೇಕೆನಿಸಲಿಲ್ಲ.

"ಆಗಿದ್ದು ಆಗೋಯ್ತು, ನೋಡ್ಕೋತೀನಿ ಬಿಡಿ. ನಿಮ್ಮ ಹೆಸರು ಬರಲ್ಲ" ಎಂದು ಎದ್ದಳು.

ಮೇಸ್ತ್ರಿ ಊರುಗೋಲಿನ ರಬ್ಬರನ್ನು ಮತ್ತೆ ಸುತ್ತತೊಡಗಿದರು. ಸುತ್ತಿ ಮುಗಿದಿತ್ತು, ಆದರೂ ಸುತ್ತುತ್ತಿದ್ದರು.

ಗಾಜಿನ ಕೋಣೆಯಲ್ಲಿ ಚಿಕ್ಕ ಮಾಲೀಕರು ಅವಳ ಮಾತನ್ನು ಪೂರ್ತಿ ಕೇಳಿದರು. ಒಂಬೈನೂರೂ ಸೊಟ್ಟ ಎಂದಾಗ ಪೆನ್ನು ಕೆಳಗಿಟ್ಟರು. ತಾಯಿಪಟ್ಟಿಯೇ ಸೊಟ್ಟ ಎಂದಾಗ ಅವರಿಗೆ ತಡೆಯಲಾಗಲಿಲ್ಲ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು!"

"ನೆಲಾನೂ ಡೊಂಕೇ ಸಾರ್, ನನಗೂ ಕುಣಿಯೋಕೆ ಬರ್ಲಿಲ್ಲ" ಎಂದಳು ಅವಳು. ತಾಯಿಪಟ್ಟಿಯನ್ನು ಅವರ ಮೇಜಿನ ಮೇಲೆಯೇ ಇಟ್ಟು, ಗಂಡ ಮಾಡಿದ ಹಾಗೆ ಎರಡು ಗೆರೆ ಎಳೆದು ತೋರಿಸಿದಳು. ಮಾಲೀಕರು ಬಗ್ಗಿ, ಗೆರೆಗಳ ನಡುವಿನ ಜಾಗಕ್ಕೆ ಉಗುರು ತಾಗಿಸಿ ನೋಡಿದರು.

"ಇದು ಹೇಗೆ ಹೀಗಾಯ್ತು?"

"ನಾನೇ ಬೀಳಿಸಿದೆ."

"ಯಾವಾಗ?"

ಈ ಪ್ರಶ್ನೆಗೆ ಅವಳು ತಯಾರಾಗಿ ಬಂದಿರಲಿಲ್ಲ. "ಹೋದ... ಹೋದ ತಿಂಗಳು. ಮಂಗಳವಾರ. ಇಲ್ಲ, ಬುಧವಾರ." ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಮಾತಿಗೆ ಹೊಟ್ಟೆ ಸೊಟ್ಟ, ಮಗ್ಗುಲು ಸೊಟ್ಟ ಎರಡೂ ರೋಗ ಒಟ್ಟಿಗೆ ಬಂದಿದ್ದವು.

ಮಾಲೀಕರು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ನಮ್ಮಪ್ಪ ತರಿಸಿದ ಪಟ್ಟಿ ಇದು. ಮೇಸ್ತ್ರಿ ಮೂವತ್ತಾರು ವರ್ಷ ಕಾಪಾಡಿದ್ದು. ಬಿದ್ದಿದ್ದಕ್ಕೆ ಬೇಜಾರಿಲ್ಲ ಪಟ್ಟಿಯಕ್ಕ. ಬೀಳಿಸಿ ಒಂದು ತಿಂಗಳು ಸುಮ್ನಿದ್ರಲ್ಲ, ನೀವು!" ಎಂದರು. ಆಮೇಲೆ ಮುಖ ತಿರುಗಿಸಿ, "ನಿಮ್ಮನ್ನ ಮೇಸ್ತ್ರಿ ಮಾಡೋ ವಿಷಯ ಸದ್ಯಕ್ಕೆ ಬೇಡ" ಎಂದರು.

ಇಪ್ಪತ್ತಾರು ವರ್ಷದಲ್ಲಿ ಯಾರೂ ಅವಳನ್ನು ಹೀಗೆ ನೋಡಿರಲಿಲ್ಲ. ಗೋಡೆಯ ಫೋಟೋ ನೋಡಿದಳು. ಪರವಾಗಿಲ್ಲ, ಹೆಸರಿಲ್ಲದೆಯೇ ಹನ್ನೊಂದು ವರ್ಷ ಕಳೆದಿದೆ, ಇನ್ನೂ ಹತ್ತು ಕಳೆಯುತ್ತದೆ ಎಂದು ತನಗೇ ಹೇಳಿಕೊಂಡಳು. ಸಮಾಧಾನವೇನೂ ಆಗಲಿಲ್ಲ.

ಅಷ್ಟರಲ್ಲಿ ಕೆಳಗಿನ ಸದ್ದೆಲ್ಲ ನಿಂತಿತು. ಆಮೇಲೆ ಮರದ ಮೆಟ್ಟಿಲ ಮೇಲೆ ಒಂದು ಕಾಲು, ಒಂದು ಕೋಲು, ಒಂದು ಉಸ್ಸಪ್ಪ ಎಂಬ ಉಸಿರು. ಹನ್ನೊಂದು ವರ್ಷದಿಂದ ಆ ಮೆಟ್ಟಿಲು ಹತ್ತದಿದ್ದ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ವಾಚಿನ ಡಬ್ಬಿ.

ಮಾಲೀಕರು ಎದ್ದು ಕುರ್ಚಿ ಸರಿಸಿದರು. ಮೇಸ್ತ್ರಿ ಕೂರಲಿಲ್ಲ.

"ಇವಳು ಏನು ಹೇಳಿದ್ದಾಳೋ ನಂಗೊತ್ತಿಲ್ಲ. ಏನೇ ಹೇಳಿದ್ರೂ ಸುಳ್ಳು" ಎಂದರು. "ತಾಯಿಪಟ್ಟಿ ಬೀಳಿಸಿದ್ದು ನಾನು."

"ನೀವಾ? ಯಾವಾಗ?"

"ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒರೆಸ್ತಾ ಇದ್ದೆ, ಜಾರಿ ಮೇಜಿನ ಅಂಚಿಗೆ ಬಡೀತು. ಹೊಸ ಕೆಲಸ, ಹೆದರಿಕೆ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಅಂದ್ಕೊಂಡೆ. ಹೇಳದೇ ಇದ್ದಷ್ಟೂ ಹೇಳೋದು ಕಷ್ಟ ಆಯ್ತು. ನಿಮ್ಮಪ್ಪ ಎಲ್ಲರೆದುರಿಗೆ ಹೊಗಳಿದ್ರಲ್ಲ, ಅವತ್ತು ನೆಲ ಬಾಯಿ ಬಿಡಬಾರದಾ ಅನ್ನಿಸ್ತು."

"ನೆಟ್ಟಗೆ ಮಾಡಿಬಿಡಬಹುದಿತ್ತಲ್ಲ, ಮಿಷನ್ನು ನಿಮ್ಮ ಕೈಯಲ್ಲೇ ಇತ್ತು."

"ಯಾವುದಕ್ಕೆ ಹಿಡಿದು ನೋಡ್ಲಿ? ಎಲ್ಲಾನೂ ತಾಯಿಗೆ ಹಿಡಿದು ನೋಡ್ತೀವಿ. ತಾಯಿನ ಯಾರಿಗೆ ಹಿಡಿಯೋದು?"

ಮಾಲೀಕರ ಮುಖದಲ್ಲಿ ಇನ್ನೊಂದು ಭಯ ಮೂಡಿತು. "ಅಂದ್ರೆ ನಮ್ಮಪ್ಪನ ಕಾಲದಿಂದ ನಾವು ಮಾರಿದ್ದೆಲ್ಲ ಸೊಟ್ಟಾನಾ?"

"ಒಂದೂ ಇಲ್ಲ!" ಮೇಸ್ತ್ರಿ ಕೋಲನ್ನು ನೆಲಕ್ಕೆ ಕುಟ್ಟಿದರು. "ಹೇಳೋಕೆ ಧೈರ್ಯ ಇರ್ಲಿಲ್ಲ ನಿಜ. ಸೊಟ್ಟ ಪಟ್ಟಿ ಹೊರಗೆ ಬಿಡೋ ಧೈರ್ಯವೂ ಇರ್ಲಿಲ್ಲ. ಅದಕ್ಕೇ ಎರಡು ಮಗ್ಗುಲು ನೋಡೋದು ಕಂಡುಹಿಡಿದೆ. ಬೇಕಾದ್ರೆ ನೋಡಿ."

ಮಾಲೀಕರು ತಂದೆಯ ಕಾಲದ ಮೇಜಿನ ಖಾನೆಯಿಂದ ಎರಡು ಹಳೆಯ ಮೀಟರು ಪಟ್ಟಿ ತೆಗೆದರು. ಅಂಚಿಗೆ ಅಂಚು ತಾಗಿಸಿ ಕಿಟಕಿಗೆ ಹಿಡಿದರು. ಮೂವರೂ ಎಡಗಣ್ಣು ಮುಚ್ಚಿಕೊಂಡು ನೋಡಿದರು. ಬೆಳಕಿಲ್ಲ. ಒಂದನ್ನು ಮಗುಚಿ ಹಿಡಿದರು. ಬೆಳಕಿಲ್ಲ. ಪಟ್ಟಿಗಳನ್ನು ಇನ್ನೂ ಎತ್ತಿ ಹಿಡಿದುಕೊಂಡೇ ಮಾಲೀಕರು ನಗಲು ಶುರುಮಾಡಿದರು.

"ಸೊಟ್ಟ ತಾಯಿ ಇಟ್ಕೊಂಡು ಮೂವತ್ತಾರು ವರ್ಷ ನೆಟ್ಟಗಿರೋ ಪಟ್ಟಿ ಮಾಡಿದ್ರಾ ಮೇಸ್ತ್ರಿ! ನೆಟ್ಟಗಿರೋ ತಾಯಿ ಇದ್ರೆ ಯಾರು ಬೇಕಾದ್ರೂ ಮಾಡ್ತಿದ್ರು."

ಮೇಸ್ತ್ರಿ ವಾಚಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಇದು ನಂದಲ್ಲ. ಹನ್ನೊಂದು ವರ್ಷದಿಂದ ಕಟ್ಟೋಕೆ ಮನಸ್ಸು ಬಂದಿಲ್ಲ. ಇವಳು ನನ್ನ ತಪ್ಪು ತನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ಹೊರಟ್ಲು ನೋಡಿ, ಇನ್ನು ಮನೇಲಿ ಕೂತಿರೋಕೂ ಆಗ್ಲಿಲ್ಲ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈ ಸಲ ಎರಡೂ ಕಣ್ಣು.

ಮಾಲೀಕರು ಡಬ್ಬಿ ತೆರೆದರು. ಮುದುಕರ ಎಡಗೈ ಹಿಡಿದುಕೊಂಡು, ತೋಳಿನ ಗುಂಡಿ ಬಿಚ್ಚಿ, ವಾಚನ್ನು ತಾವೇ ಕಟ್ಟಿದರು. ವಾಚಿನ ಪಟ್ಟಿ ಸ್ವಲ್ಪ ದೊಡ್ಡದಾಗಿತ್ತು, ಮಣಿಕಟ್ಟು ಸೊರಗಿತ್ತು. ಕೊನೆಯ ತೂತಿಗೆ ಸಿಕ್ಕಿಸಿದರು. "ನಮ್ಮಪ್ಪ ಯಾಕೆ ಕೊಟ್ರೋ ಅದಕ್ಕೆ ಬೇಡ. ಒಂದು ಸೊಟ್ಟ ಪಟ್ಟೀನೂ ಹೊರಗೆ ಬಿಡ್ಲಿಲ್ವಲ್ಲ, ಅದಕ್ಕೆ ಕಟ್ಕೊಳ್ಳಿ. ಪಟ್ಟಿಯಕ್ಕ, ಶಾಲೆಯೋರಿಗೆ ನಾಲ್ಕು ದಿನ ತಡ ಆಗುತ್ತೆ ಅಂತ ನಾನು ಹೇಳ್ತೀನಿ. ತಾಯಿಪಟ್ಟಿ ಹೊಸದು ತರಿಸೋಣ" ಎಂದರು.

"ತರಿಸಿ" ಎಂದರು ಮೇಸ್ತ್ರಿ. "ಆದ್ರೆ ಅದಕ್ಕೂ ಎರಡು ಮಗ್ಗುಲು ನೋಡಬೇಕು."

"ಹೊಸದು ನೆಟ್ಟಗೇ ಇರುತ್ತಲ್ಲ?"

"ಯಾರ ಕೈಯಿಂದಾದ್ರೂ ಒಂದಿನ ಬೀಳುತ್ತೆ. ಬೀಳಿಸಿದೋರು ಹೇಳಲ್ಲ."

"ನಾನು ಹೇಳ್ತೀನಿ" ಎಂದಳು ಪಟ್ಟಿಯಕ್ಕ.

"ನೀವು ಬೀಳಿಸದೇ ಇದ್ರೂ ಹೇಳ್ತೀರಿ!" ಎಂದರು ಮಾಲೀಕರು. "ನಡೀರಿ ಕೆಲಸಕ್ಕೆ, ಮೇಸ್ತ್ರಿ."

ಕರೆದದ್ದು ತಮ್ಮನ್ನೆಂದುಕೊಂಡು ಮುದುಕರು ಕೋಲು ಊರಿ ಬಾಗಿಲ ಕಡೆ ತಿರುಗಿದರು. ಮಾಲೀಕರು ನೋಡುತ್ತಿದ್ದದ್ದು ಅವಳನ್ನು. ಅವಳಿಗೆ ಅದು ತಿಳಿಯಲು ಎರಡು ಕ್ಷಣ ಹಿಡಿಯಿತು. ತಿಳಿದ ಮೇಲೆ ಏನು ಮಾಡಬೇಕೆಂದು ತೋಚದೆ, ಗೋಡೆಯ ಫೋಟೋ ಒಂಚೂರು ಎಡಕ್ಕೆ ವಾಲಿದೆ ಎಂದು ಹೇಳಿ ಅದನ್ನು ಸರಿಮಾಡಿದಳು.

ಮೇಸ್ತ್ರಿ ಮನೆಗೆ ಹೋಗಲಿಲ್ಲ. ಮಿಷನ್ನಿನ ಪಕ್ಕ ಒಂದು ಸ್ಟೂಲು ಹಾಕಿಸಿಕೊಂಡು ಕೂತರು. ಅವಳು ನಿಂತ ರೋಲರುಗಳ ಸ್ಕ್ರೂ ಸಡಿಲಿಸಿದಳು, ಪಟ್ಟಿ ಬಿಟ್ಟಳು, ಬಲಮಗ್ಗುಲು ನೋಡಿದಳು, ಎಡಮಗ್ಗುಲು ನೋಡಿದಳು. ತುದಿಗಳಲ್ಲಿ ಕೂದಲೆಳೆ, ನಡುವೆ ಕೂದಲೆಳೆ, ಎರಡೂ ಸಮ. "ಉಸಿರಾಡ್ತಾ ಇದೆ" ಎಂದಳು. ಮೇಸ್ತ್ರಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಚಕ್ರ ತಿರುಗತೊಡಗಿತು.

ಕಿಟಕಿಯ ಬೆಳಕು ಹಳದಿಯಾಗುವ ಹೊತ್ತಿಗೆ ನೂರಿಪ್ಪತ್ತು ಪಟ್ಟಿ ಮುಗಿದಿತ್ತು. ಕೈ ಒರೆಸಿಕೊಳ್ಳುತ್ತ ಅವಳು, "ಗಂಟೆ ಎಷ್ಟಾಯ್ತು ಮೇಸ್ತ್ರಿ?" ಎಂದು ಕೇಳಿದಳು.

ಇಡೀ ದಿನ ಯಾರಾದರೂ ಕೇಳಲಿ ಎಂದೇ ಕಾದಿದ್ದರೋ ಏನೋ. ಮೇಸ್ತ್ರಿ ತೋಳು ಹಿಂದಕ್ಕೆ ಸರಿಸಿದರು, ಮಣಿಕಟ್ಟನ್ನು ಮುಖದಿಂದ ದೂರ ಹಿಡಿದರು, ಎಡಗಣ್ಣು ಮುಚ್ಚಿದರು.

"ಹತ್ತು ಗಂಟೆ ಇಪ್ಪತ್ತು ನಿಮಿಷ" ಎಂದರು.

ವಾಚು ಡಬ್ಬಿಯೊಳಗೇ ನಿಂತುಹೋಗಿ ಎಷ್ಟು ವರ್ಷವಾಗಿತ್ತೋ. ಸಂಜೆ ಐದರ ಗಂಟೆ ಹೊಡೆದು ಜನ ಆಗಲೇ ಚೀಲ ಹೆಗಲಿಗೇರಿಸುತ್ತಿದ್ದರು. ಪಟ್ಟಿಯಕ್ಕ ಬಗ್ಗಿ, ಎಡಗಣ್ಣು ಮುಚ್ಚಿ, ಆ ಮುಳ್ಳುಗಳನ್ನು ಚೆನ್ನಾಗಿ ನೋಡಿದಳು.

"ಸರಿಯಾಗಿದೆ" ಎಂದಳು.